ಹಂಗಿನ ಪೀಠ: ವೆಸ್ಟ್ ವರ್ಜೀನಿಯಾದ ಕೇಪರ್ಟನ್ ಪ್ರಕರಣ

ಈ ಪ್ರಕರಣದ ತಿರುಳನ್ನು ಹಿಡಿಯಲು ಮೂರು ತಾರೀಖುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. 2002ರ ಆಗಸ್ಟ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಬೂನ್ ಕೌಂಟಿಯಲ್ಲಿ ಜ್ಯೂರಿಯೊಂದು ದೊಡ್ಡ ಕಲ್ಲಿದ್ದಲು ಕಂಪನಿಯೊಂದರ ಮೇಲೆ 5 ಕೋಟಿ ಡಾಲರ್ ಪರಿಹಾರ ಹೊರಿಸಿತು. 2004ರ ನವೆಂಬರ್‌ನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಒಂದು ಸ್ಥಾನಕ್ಕೆ ಚುನಾವಣೆ ನಡೆಯಿತು. ಅದೇ ಕಂಪನಿಯ ಮುಖ್ಯಸ್ಥರು ಸುಮಾರು 30 ಲಕ್ಷ ಡಾಲರ್ ಸುರಿದು ಬೆಂಬಲಿಸಿದ ಅಭ್ಯರ್ಥಿ ಗೆದ್ದರು. 2007ರ ನವೆಂಬರ್‌ನಲ್ಲಿ ಆ ನ್ಯಾಯಾಲಯ 5 ಕೋಟಿಯ ತೀರ್ಪನ್ನು 3–2ರ ಬಹುಮತದಿಂದ ರದ್ದು ಮಾಡಿತು. ಆ ಮೂವರಲ್ಲಿ ಗೆದ್ದು ಬಂದ ಅಭ್ಯರ್ಥಿಯೂ ಒಬ್ಬರು.

ಲಂಚದ ಆರೋಪವನ್ನು ಯಾರೂ ಮಾಡಲಿಲ್ಲ. ಒಳಒಪ್ಪಂದ ನಡೆದಿತ್ತೆಂದೂ ಯಾರೂ ಹೇಳಲಿಲ್ಲ. ಹಣವೆಲ್ಲ ಕಾನೂನು ತೆರೆದಿಟ್ಟಿದ್ದ ಕಾಲುವೆಗಳಲ್ಲೇ, ಹಾಡುಹಗಲಿನಲ್ಲಿ, ಲೆಕ್ಕಪತ್ರದ ಸಮೇತ ಹರಿದಿತ್ತು. ನನಗೆ ಈ ಪ್ರಕರಣ ಮುಖ್ಯವಾಗಿ ಕಾಣುವುದು ಈ ಕಾರಣಕ್ಕೇ. ಕಳ್ಳತನ ನಡೆದಿದ್ದರೆ ಕಳ್ಳನನ್ನು ಹಿಡಿದರೆ ಮುಗಿಯುತ್ತಿತ್ತು. ಇಲ್ಲಿ ಬಾಗಿಲನ್ನೇ ತೆರೆದಿಡಲಾಗಿತ್ತು.

ಗಣಿ ಮತ್ತು ಒಪ್ಪಂದ

ಹ್ಯೂ ಕೇಪರ್ಟನ್ ಅವರ ಹಾರ್ಮನ್ ಮೈನಿಂಗ್ ಸಣ್ಣ ಕಂಪನಿ. ಅದರ ಗಣಿ ಇದ್ದದ್ದು ಪಕ್ಕದ ವರ್ಜೀನಿಯಾ ರಾಜ್ಯದ ಬ್ಯೂಕ್ಯಾನನ್ ಕೌಂಟಿಯಲ್ಲಿ. ಅಲ್ಲಿ ಸಿಗುತ್ತಿದ್ದದ್ದು ಉಕ್ಕಿನ ಕುಲುಮೆಗಳಿಗೆ ಬೇಕಾದ ಉತ್ತಮ ದರ್ಜೆಯ ಕಲ್ಲಿದ್ದಲು. ವೆಲ್‌ಮೋರ್ ಎಂಬ ಕಂಪನಿ ದೀರ್ಘಾವಧಿ ಒಪ್ಪಂದದ ಮೇಲೆ ಈ ಕಲ್ಲಿದ್ದಲನ್ನು ಕೊಂಡು ಎಲ್‌ಟಿವಿ ಉಕ್ಕು ಕಂಪನಿಗೆ ಕೊಡುತ್ತಿತ್ತು. 1997ರಲ್ಲಿ ಎ.ಟಿ. ಮ್ಯಾಸಿ ಕೋಲ್ ಕಂಪನಿ ವೆಲ್‌ಮೋರ್‌ನ ಮಾತೃಸಂಸ್ಥೆಯನ್ನು ಖರೀದಿಸಿತು. ಎಲ್‌ಟಿವಿಗೆ ತನ್ನದೇ ಗಣಿಗಳ ಕಲ್ಲಿದ್ದಲನ್ನು ಮಾರಬೇಕೆಂಬುದು ಮ್ಯಾಸಿಯ ಲೆಕ್ಕ. ಎಲ್‌ಟಿವಿ ಅದಕ್ಕೆ ಒಪ್ಪದೆ ಬೇರೆಡೆ ಹೋಯಿತು. ಆಗ ಹಾರ್ಮನ್ ಜೊತೆಗಿನ ಒಪ್ಪಂದದಲ್ಲಿದ್ದ, ಕೈಮೀರಿದ ಸಂದರ್ಭಗಳಿಗೆಂದು ಮೀಸಲಿಟ್ಟ ಷರತ್ತನ್ನು ಮುಂದಿಟ್ಟು ಕಲ್ಲಿದ್ದಲು ಕೊಳ್ಳುವುದನ್ನೇ ನಿಲ್ಲಿಸಲಾಯಿತು. ಒಂದೇ ಒಪ್ಪಂದದ ಮೇಲೆ ಬದುಕಿದ್ದ ಹಾರ್ಮನ್ 1998ರಲ್ಲಿ ದಿವಾಳಿ ಅರ್ಜಿ ಹಾಕಿತು.

ಒಪ್ಪಂದ ಮುರಿದದ್ದಕ್ಕಾಗಿ ವರ್ಜೀನಿಯಾದಲ್ಲಿ ವೆಲ್‌ಮೋರ್ ವಿರುದ್ಧ ಒಂದು ದಾವೆ ನಡೆದು, ಸುಮಾರು 60 ಲಕ್ಷ ಡಾಲರ್ ಪರಿಹಾರವೂ ಸಿಕ್ಕಿತು. ಆದರೆ ಕೇಪರ್ಟನ್ ಅವರ ದೊಡ್ಡ ದೂರು ಬೇರೆಯೇ ಇತ್ತು. ಮ್ಯಾಸಿ ಬೇಕೆಂದೇ, ವಂಚನೆಯಿಂದ ತಮ್ಮ ವ್ಯವಹಾರವನ್ನು ಮುಳುಗಿಸಿತು ಎಂಬುದು ಆ ದೂರು. ಮ್ಯಾಸಿಯ ಗಣಿಗಳಿದ್ದ ವೆಸ್ಟ್ ವರ್ಜೀನಿಯಾದಲ್ಲಿ, ಕಲ್ಲಿದ್ದಲು ಸೀಮೆಯ ನಡುವಿನ ಬೂನ್ ಕೌಂಟಿಯಲ್ಲಿ, ಆ ಎರಡನೆಯ ದಾವೆ ಹೂಡಲಾಯಿತು. ಜ್ಯೂರಿ ಕೇಪರ್ಟನ್ ಅವರ ಮಾತನ್ನು ನಂಬಿತು. 2004ರ ಜೂನ್‌ನಲ್ಲಿ ವಿಚಾರಣಾ ನ್ಯಾಯಾಧೀಶರು ಮ್ಯಾಸಿಯ ಆಕ್ಷೇಪಣೆಗಳನ್ನು ತಳ್ಳಿಹಾಕಿ, ಎದುರು ಕಕ್ಷಿಯ ಹಕ್ಕುಗಳನ್ನು ಈ ಕಂಪನಿ ಬೇಕೆಂದೇ ಕಡೆಗಣಿಸಿದೆ ಎಂದು ಬರೆದರು.

ಮ್ಯಾಸಿಗೆ ಉಳಿದಿದ್ದದ್ದು ಒಂದೇ ಮೆಟ್ಟಿಲು. ಆ ಕಾಲದ ವೆಸ್ಟ್ ವರ್ಜೀನಿಯಾದಲ್ಲಿ ಮಧ್ಯದ ಮೇಲ್ಮನವಿ ನ್ಯಾಯಾಲಯವೇ ಇರಲಿಲ್ಲ. ಅದು ಹುಟ್ಟಿದ್ದು 2022ರಲ್ಲಿ. ವಿಚಾರಣಾ ನ್ಯಾಯಾಲಯದಿಂದ ಏರಿದರೆ ನೇರವಾಗಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ. ಅಲ್ಲಿ ಇರುವುದು ಐದೇ ನ್ಯಾಯಮೂರ್ತಿಗಳು. ಒಬ್ಬೊಬ್ಬರ ಅವಧಿ 12 ವರ್ಷ. ಮೂರು ಮತ ಬಿದ್ದರೆ ತೀರ್ಪು. 5 ಕೋಟಿ ಡಾಲರ್ ತೂಗುತ್ತಿರುವಾಗ ಐದರಲ್ಲಿ ಒಂದು ಕುರ್ಚಿಯ ಬೆಲೆ ಎಷ್ಟೆಂದು ಯಾವ ಲೆಕ್ಕಿಗನೂ ಹೇಳಬಲ್ಲ. ಆ ವರ್ಷವೇ ಒಂದು ಕುರ್ಚಿ ಚುನಾವಣೆಗೆ ಬರುವುದಿತ್ತು.

ನ್ಯಾಯಮೂರ್ತಿಯ ಹೆಸರಿನ ಪಕ್ಕ ಪಕ್ಷದ ಹೆಸರು

ನ್ಯಾಯಮೂರ್ತಿಗಳು ಮತ ಕೇಳುವ ಚಿತ್ರ ನಮಗೆ ವಿಚಿತ್ರವಾಗಿ ಕಾಣುತ್ತದೆ. ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರು ಪಕ್ಷದ ಬಾವುಟ ಹಿಡಿದು ಮನೆಮನೆಗೆ ಬರುವುದನ್ನು ಕರ್ನಾಟಕದ ಮತದಾರರಾರೂ ಕನಸಿನಲ್ಲೂ ಕಂಡಿಲ್ಲ. ಆದರೆ ಈ ಪದ್ಧತಿ ಅಮೆರಿಕದಲ್ಲಿ ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದ. 1832ರಲ್ಲಿ ಮಿಸಿಸಿಪ್ಪಿ ತನ್ನ ಎಲ್ಲ ನ್ಯಾಯಾಧೀಶರನ್ನೂ ಜನರೇ ಆರಿಸುವ ಕಟ್ಟಳೆ ತಂದಿತು. 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿದ ಮೇಲೆ ಒಂದರ ಹಿಂದೊಂದು ರಾಜ್ಯಗಳು ಸಾಲುಗಟ್ಟಿದವು. ಗವರ್ನರ್ ಮತ್ತು ಶಾಸಕರು ತಮಗೆ ಬೇಕಾದವರನ್ನು ಪೀಠದಲ್ಲಿ ಕೂರಿಸುತ್ತಾರೆ, ಕೂತವರು ಅವರ ಹಂಗಿನಲ್ಲಿರುತ್ತಾರೆ, ಜನರೇ ಆರಿಸಿದರೆ ಆ ಹಂಗು ತಪ್ಪುತ್ತದೆ ಎಂಬುದು ಅಂದಿನ ನಂಬಿಕೆ. ಅಂತರ್ಯುದ್ಧದ ನಡುವೆ, 1863ರಲ್ಲಿ, ವರ್ಜೀನಿಯಾದಿಂದ ಬೇರ್ಪಟ್ಟು ಹುಟ್ಟಿದ ವೆಸ್ಟ್ ವರ್ಜೀನಿಯಾ ಮೊದಲಿನಿಂದಲೇ ನ್ಯಾಯಾಧೀಶರನ್ನು ಚುನಾಯಿಸಿತು. ತಾಯಿರಾಜ್ಯವಾದ ವರ್ಜೀನಿಯಾದಲ್ಲಿ ಇಂದಿಗೂ ನ್ಯಾಯಾಧೀಶರನ್ನು ಆರಿಸುವುದು ಶಾಸಕಾಂಗ.

2004ರ ಮತಪತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ಅಧ್ಯಕ್ಷೀಯ ಚುನಾವಣೆಯ ವರ್ಷ. ಒಂದೇ ಮತಪತ್ರದಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆ, ರಾಜ್ಯದ ಗವರ್ನರ್ ಹುದ್ದೆ, ಅದರ ಕೆಳಗೆ ಇನ್ನಷ್ಟು ಹುದ್ದೆಗಳು, ಅವುಗಳ ಸಾಲಿನಲ್ಲೇ ಸರ್ವೋಚ್ಚ ನ್ಯಾಯಾಲಯದ ಸ್ಥಾನ. ಪ್ರತಿ ಹೆಸರಿನ ಜೊತೆಗೂ ಪಕ್ಷದ ಹೆಸರು. ಅಷ್ಟನ್ನೂ ಓದುವ ತಾಳ್ಮೆ ಇಲ್ಲದವರಿಗೆ ಒಂದು ಸುಲಭದ ದಾರಿಯೂ ಇತ್ತು: ಪಕ್ಷದ ಹೆಸರಿನ ಮುಂದೆ ಒಂದೇ ಒಂದು ಗುರುತು ಹಾಕಿದರೆ ಆ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಬೀಳುತ್ತಿತ್ತು. ಹೀಗೆ ಅಧ್ಯಕ್ಷ ಯಾರಾಗಬೇಕೆಂದು ಯೋಚಿಸಿ ಬಂದ ಮತದಾರ, ಗೊತ್ತಿಲ್ಲದೆಯೇ, ಒಂದು ಗಣಿ ಮೊಕದ್ದಮೆಯ ಹಣೆಬರಹವನ್ನೂ ಬರೆದು ಹೋಗುವ ಸಾಧ್ಯತೆಯಿತ್ತು. ಈ ಒಂದೇ ಗುರುತಿನ ವ್ಯವಸ್ಥೆಯನ್ನು ರಾಜ್ಯ ರದ್ದು ಮಾಡಿದ್ದು 2015ರಲ್ಲಿ.

ಸ್ಥಾನದಲ್ಲಿದ್ದವರು ಡೆಮಾಕ್ರಟಿಕ್ ಪಕ್ಷದ ನ್ಯಾಯಮೂರ್ತಿ ವಾರೆನ್ ಮೆಕ್‌ಗ್ರಾ. ಕಾರ್ಮಿಕರ ಪರ, ಗಾಯಗೊಂಡವರ ಪರ ನಿಲ್ಲುವವರೆಂದು ಹೆಸರಾದವರು. ವ್ಯಾಪಾರಿ ವಲಯಕ್ಕೂ ವೈದ್ಯರಿಗೂ ಅವರೆಂದರೆ ಆಗುತ್ತಿರಲಿಲ್ಲ. ಎದುರಾಳಿ ರಿಪಬ್ಲಿಕನ್ ಪಕ್ಷದ ಬ್ರೆಂಟ್ ಬೆಂಜಮಿನ್, ರಾಜಧಾನಿ ಚಾರ್ಲ್ಸ್‌ಟನ್‌ನ ವಕೀಲರು.

ಮಕ್ಕಳ ಹೆಸರಿನಲ್ಲಿ

ಮ್ಯಾಸಿಯ ಅಧ್ಯಕ್ಷರೂ ಮುಖ್ಯ ಕಾರ್ಯನಿರ್ವಾಹಕರೂ ಆಗಿದ್ದ ಡಾನ್ ಬ್ಲಾಂಕನ್‌ಶಿಪ್ ಅವರು ಬೆಂಜಮಿನ್ ಅವರ ಪ್ರಚಾರ ಸಮಿತಿಗೆ ನೇರವಾಗಿ ಕೊಟ್ಟದ್ದು 1,000 ಡಾಲರ್. ಕಾನೂನು ಬಿಟ್ಟಿದ್ದ ಮಿತಿ ಅಷ್ಟೇ. ಆ ಮಿತಿಯನ್ನು ಇಟ್ಟವರು ಬಹುಶಃ ನೆಮ್ಮದಿಯಿಂದ ನಿದ್ದೆ ಮಾಡಿರಬೇಕು. ಆದರೆ ಅಭ್ಯರ್ಥಿಯ ಸಮಿತಿಯ ಹೊರಗೆ, ‘ಮಕ್ಕಳಿಗೋಸ್ಕರ’ ಎಂಬ ಅರ್ಥದ ಹೆಸರಿಟ್ಟುಕೊಂಡ ಒಂದು ಸಂಘ ಇತ್ತು. ಮೆಕ್‌ಗ್ರಾ ಅವರನ್ನು ಸೋಲಿಸುವುದೇ ಅದರ ಕೆಲಸ. ಅದಕ್ಕೆ ಅವರು ಕೊಟ್ಟದ್ದು ಸುಮಾರು 25 ಲಕ್ಷ ಡಾಲರ್, ಅಂದರೆ ಆ ಸಂಘದ ಒಟ್ಟು ಹಣದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು. ಅದಲ್ಲದೆ 5 ಲಕ್ಷ ಡಾಲರ್‌ಗೂ ಮೀರಿ ಸ್ವಂತವಾಗಿ ಪತ್ರ, ಪತ್ರಿಕಾ ಜಾಹೀರಾತು, ಟಿವಿ ಜಾಹೀರಾತುಗಳಿಗೆ ಖರ್ಚು ಮಾಡಿದರು. ಒಟ್ಟು 30 ಲಕ್ಷ. ಬೆಂಜಮಿನ್ ಅವರ ಉಳಿದೆಲ್ಲ ಬೆಂಬಲಿಗರೂ ಸೇರಿ ಮಾಡಿದ ಖರ್ಚಿಗಿಂತ ಇದು ಹೆಚ್ಚು. ಅವರ ಸ್ವಂತ ಪ್ರಚಾರ ಸಮಿತಿಯ ಖರ್ಚಿನ ಮೂರು ಪಟ್ಟು.

ಈ ಹಣ ಏನು ಮಾಡಿತು? ಕಲ್ಲಿದ್ದಲಿನ ಬಗ್ಗೆ, ಒಪ್ಪಂದದ ಬಗ್ಗೆ, ಹಾರ್ಮನ್ ಬಗ್ಗೆ ಜಾಹೀರಾತು ತುಟಿ ಬಿಚ್ಚಲಿಲ್ಲ. ಆ ವರ್ಷ ನ್ಯಾಯಾಲಯ ಕೊಟ್ಟ ಬೇರೊಂದು ತೀರ್ಪನ್ನು ಅದು ಎತ್ತಿಕೊಂಡಿತು. ಮಗುವಿನ ಮೇಲಿನ ಲೈಂಗಿಕ ಅಪರಾಧದಲ್ಲಿ ಶಿಕ್ಷೆಗೊಳಗಾದ ಯುವಕನೊಬ್ಬನಿಗೆ, ಅವನೂ ಬಾಲ್ಯದಲ್ಲಿ ಅಂಥದ್ದೇ ದೌರ್ಜನ್ಯಕ್ಕೆ ತುತ್ತಾದವನೆಂಬುದನ್ನು ಗಣನೆಗೆ ತೆಗೆದುಕೊಂಡು, ಷರತ್ತುಗಳ ಮೇಲೆ ಜೈಲಿನ ಹೊರಗಿರಲು 3–2ರಿಂದ ಅವಕಾಶ ಕೊಟ್ಟ ತೀರ್ಪು ಅದು. ಬಹುಮತದ ಮೂವರಲ್ಲಿ ಮೆಕ್‌ಗ್ರಾ ಒಬ್ಬರು. ಮೆಕ್‌ಗ್ರಾ ಅಪರಾಧಿಯನ್ನು ಬಿಟ್ಟರು, ಅವನಿಗೆ ಶಾಲೆಯಲ್ಲಿ ಕೆಲಸ ಮಾಡಲು ಬಿಟ್ಟರು ಎಂದು ಜಾಹೀರಾತು ಹೇಳಿತು. ಸಂಜೆ ಟಿವಿ ಮುಂದೆ ಕೂತ ತಾಯಿಯೊಬ್ಬಳು ಅದನ್ನು ನೋಡಿ ಹೆದರದಿರಲು ಹೇಗೆ ಸಾಧ್ಯ? ಷರತ್ತು, ಹಿನ್ನೆಲೆ, ಭಿನ್ನಮತ ಇವೆಲ್ಲವನ್ನೂ ಮೂವತ್ತು ಸೆಕೆಂಡಿನಲ್ಲಿ ಹೇಳಲಾಗುವುದಿಲ್ಲ. ನ್ಯಾಯಮೂರ್ತಿ ಉತ್ತರ ಕೊಡಲು ಹೊರಟರೆ ತನ್ನ ತೀರ್ಪನ್ನು ತಾನೇ ಬೀದಿಯಲ್ಲಿ ನಿಂತು ಸಮರ್ಥಿಸಬೇಕಾಗುತ್ತದೆ. ಕಂಪನಿಗೆ ಬೇಕಾಗಿದ್ದದ್ದು ಒಂದು ಮೊಕದ್ದಮೆ. ಮತದಾರನಿಗೆ ತೋರಿಸಿದ್ದು ಇನ್ನೊಂದು ಮೊಕದ್ದಮೆ. ಪಕ್ಷಾಧಾರಿತ ನ್ಯಾಯಾಂಗ ಚುನಾವಣೆಯ ಅತಿ ಕೆಟ್ಟ ಗುಣ ನನಗೆ ಇಲ್ಲಿಯೇ ಕಾಣುತ್ತದೆ. ಹಣ ಹಾಕುವವನ ಕಾರಣವೂ ಮತ ಹಾಕುವವನ ಕಾರಣವೂ ಒಂದನ್ನೊಂದು ಭೇಟಿಯೇ ಆಗುವುದಿಲ್ಲ.

ಎದುರು ಪಕ್ಷವೂ ಬರಿಗೈಯಲ್ಲಿ ಇರಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪರಿಹಾರ ದಾವೆಗಳನ್ನು ನಡೆಸುವ ವಕೀಲರ ಹಣದಿಂದ ನಡೆದ ಗುಂಪೊಂದು ಬೆಂಜಮಿನ್ ವಿರುದ್ಧ ಸುಮಾರು 20 ಲಕ್ಷ ಡಾಲರ್ ಖರ್ಚು ಮಾಡಿತ್ತು. ಆ ವಕೀಲರೂ ನಾಳೆ ಅದೇ ಪೀಠದ ಮುಂದೆ ನಿಲ್ಲುವವರೇ. ಮೆಕ್‌ಗ್ರಾ ಅವರು ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಹಾಕಿಕೊಂಡದ್ದೂ ಉಂಟು. ಕಾರ್ಮಿಕ ದಿನದಂದು ರೇಸೀನ್ ಎಂಬ ಊರಿನಲ್ಲಿ ಅವರು ಹಿಡಿತ ತಪ್ಪಿ ಮಾಡಿದ ಭಾಷಣವನ್ನು ಎದುರಾಳಿಗಳು ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ರಾಜ್ಯದ ಪ್ರಮುಖ ಪತ್ರಿಕೆಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಬೆಂಜಮಿನ್ ಅವರನ್ನೇ ಬೆಂಬಲಿಸಿದ್ದವು. ಆದ್ದರಿಂದ 30 ಲಕ್ಷವೊಂದೇ ಅವರನ್ನು ಗೆಲ್ಲಿಸಿತೆಂದು ನಾನು ಹೇಳಲಾರೆ. ಯಾರೂ ಹೇಳಲಾರರು. ಬೆಂಜಮಿನ್‌ಗೆ 3,82,036 ಮತ, ಅಂದರೆ ಶೇ 53.3. ಮೆಕ್‌ಗ್ರಾಗೆ 3,34,301. ಅಂತರ 48 ಸಾವಿರಕ್ಕಿಂತ ಕಡಿಮೆ. ಅದೇ ದಿನ, ಅದೇ ಮತಪತ್ರದಲ್ಲಿ ರಾಜ್ಯದ ಜನ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಬುಷ್ ಅವರನ್ನೂ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಜೋ ಮ್ಯಾಂಚಿನ್ ಅವರನ್ನೂ ಗೆಲ್ಲಿಸಿದ್ದರು. ಒಂದೇ ಗುರುತಿಗೆ ಕಟ್ಟುಬೀಳದವರೂ ಬೇಕಾದಷ್ಟಿದ್ದರು.

‘ನಾನು ಪಕ್ಷಪಾತಿಯೇ?’ ಎಂದು ತನ್ನನ್ನೇ ಕೇಳಿಕೊಂಡ ನ್ಯಾಯಮೂರ್ತಿ

ಚುನಾವಣೆ ಮುಗಿದು ಸುಮಾರು ಒಂದು ವರ್ಷಕ್ಕೆ, 2005ರ ಅಕ್ಟೋಬರ್‌ನಲ್ಲಿ, ಮ್ಯಾಸಿಯ ಮೇಲ್ಮನವಿ ಇನ್ನೂ ದಾಖಲಾಗುವ ಮೊದಲೇ, ಬೆಂಜಮಿನ್ ಅವರು ಈ ಪ್ರಕರಣದಿಂದ ಹಿಂದೆ ಸರಿಯಬೇಕೆಂದು ಕೇಪರ್ಟನ್ ಅರ್ಜಿ ಹಾಕಿದರು. ಆ ಅರ್ಜಿಯನ್ನು ತೀರ್ಮಾನಿಸುವವರು ಯಾರು? ಬೆಂಜಮಿನ್ ಅವರೇ. ರಾಜ್ಯದ ನಿಯಮ ಹಾಗಿತ್ತು. 2006ರ ಏಪ್ರಿಲ್‌ನಲ್ಲಿ ಅವರು ಅರ್ಜಿಯನ್ನು ತಿರಸ್ಕರಿಸಿದರು. ತಾನು ಪೂರ್ವಗ್ರಹಪೀಡಿತ ಎಂಬುದಕ್ಕೆ ವಸ್ತುನಿಷ್ಠ ಆಧಾರವಿಲ್ಲ ಎಂಬುದು ಅವರ ನಿಲುವು. ಆ ವರ್ಷ ಡಿಸೆಂಬರ್‌ನಲ್ಲಿ ಮ್ಯಾಸಿ ಮೇಲ್ಮನವಿ ಹಾಕಿತು.

ಈ ಪದ್ಧತಿ ನಮಗೆ ಅಪರಿಚಿತವಲ್ಲ. ನಮ್ಮ ಸುಪ್ರೀಂ ಕೋರ್ಟ್‌ನಲ್ಲೂ ವಿಚಾರಣೆಯಿಂದ ಹಿಂದೆ ಸರಿಯಬೇಕೇ ಎಂಬುದನ್ನು ಮೊದಲು ತೀರ್ಮಾನಿಸುವವರು ಆ ನ್ಯಾಯಮೂರ್ತಿಯೇ. 2015ರಲ್ಲಿ ನ್ಯಾಯಾಂಗ ನೇಮಕಾತಿ ಆಯೋಗದ ಪ್ರಕರಣದಲ್ಲಿ ನ್ಯಾಯಮೂರ್ತಿ ಖೇಹರ್ ಅವರು ಹಿಂದೆ ಸರಿಯಬೇಕೆಂಬ ಕೋರಿಕೆ ಬಂದಾಗ ಅವರು ಕಾರಣಗಳನ್ನು ಬರೆದು ಒಪ್ಪದೆ ಮುಂದುವರಿದರು. ಸಜ್ಜನರಿಗೂ ತಮ್ಮ ಮನಸ್ಸಿನ ವಾಲಿಕೆ ತಮಗೇ ಕಾಣುವುದಿಲ್ಲ. ಬೆನ್ನಿನ ಮೇಲಿನ ಮಚ್ಚೆಯನ್ನು ನೋಡಿಕೊಳ್ಳಲು ಇನ್ನೊಬ್ಬರ ಕಣ್ಣೇ ಬೇಕು.

2007ರ ನವೆಂಬರ್‌ನ ತೀರ್ಪನ್ನು ಮುಖ್ಯ ನ್ಯಾಯಮೂರ್ತಿ ರಾಬಿನ್ ಡೇವಿಸ್ ಬರೆದರು. ಬೆಂಜಮಿನ್ ಮತ್ತು ಎಲಿಯಟ್ ಮೇನಾರ್ಡ್ ಜೊತೆಗೂಡಿದರು. ಮ್ಯಾಸಿಯ ನಡತೆ ಇಂಥ ಪರಿಹಾರಕ್ಕೆ ತಕ್ಕದ್ದೇ ಆಗಿತ್ತೆಂದು ಆ ತೀರ್ಪೇ ಒಪ್ಪಿಕೊಂಡಿತು. ಆದರೂ ಅದನ್ನು ರದ್ದು ಮಾಡಿತು. ವ್ಯಾಜ್ಯ ಬಂದರೆ ವರ್ಜೀನಿಯಾದಲ್ಲೇ ಹೂಡಬೇಕೆಂಬ ಷರತ್ತು ಒಪ್ಪಂದದಲ್ಲಿದೆ, ಅಲ್ಲಿ ಒಂದು ದಾವೆ ಈಗಾಗಲೇ ತೀರ್ಮಾನವಾಗಿದೆ ಎಂಬವು ಕಾರಣಗಳು. ಲ್ಯಾರಿ ಸ್ಟಾರ್ಚರ್ ಮತ್ತು ಜೋಸೆಫ್ ಆಲ್‌ಬ್ರೈಟ್ ಭಿನ್ನಮತ ಬರೆದರು.

ಮುಂದಿನ ಕೆಲವು ತಿಂಗಳಲ್ಲಿ ನಡೆದದ್ದನ್ನು ಯಾವ ಕಥೆಗಾರ ಬರೆದಿದ್ದರೂ ಅತಿಯಾಯಿತು ಎನ್ನುತ್ತಿದ್ದೆವು. ಮರುಪರಿಶೀಲನೆ ಕೋರಿದ ಕೇಪರ್ಟನ್ ಕಡೆಯವರ ಕೈಗೆ ಛಾಯಾಚಿತ್ರಗಳು ಬಂದವು. ಮೇನಾರ್ಡ್ ಅವರು 2006ರಲ್ಲಿ, ಮ್ಯಾಸಿಯ ಪ್ರಕರಣ ಮುಂದಿರುವಾಗಲೇ, ಫ್ರಾನ್ಸ್‌ನ ರಿವಿಯೆರಾ ಕರಾವಳಿಯಲ್ಲಿ ಬ್ಲಾಂಕನ್‌ಶಿಪ್ ಜೊತೆ ರಜೆ ಕಳೆಯುತ್ತಿದ್ದ ಚಿತ್ರಗಳು. ಮೇನಾರ್ಡ್ ಹಿಂದೆ ಸರಿದರು. ಬ್ಲಾಂಕನ್‌ಶಿಪ್ ಅವರನ್ನು ಬಹಿರಂಗವಾಗಿ ಟೀಕಿಸಿದ್ದ ಸ್ಟಾರ್ಚರ್ ಕೂಡ ತಾವಾಗಿಯೇ ಹಿಂದೆ ಸರಿದು, ಬೆಂಜಮಿನ್ ಕೂಡ ಹಾಗೆಯೇ ಮಾಡಬೇಕೆಂದು ಲಿಖಿತವಾಗಿ ಒತ್ತಾಯಿಸಿದರು. ಒಬ್ಬರು ಸ್ನೇಹದ ಕಾರಣಕ್ಕೆ, ಇನ್ನೊಬ್ಬರು ವಿರೋಧದ ಕಾರಣಕ್ಕೆ ಎದ್ದುಹೋದ ಪೀಠದಲ್ಲಿ, 30 ಲಕ್ಷದ ಬೆಂಬಲ ಪಡೆದವರು ಮಾತ್ರ ಉಳಿದರು. ಅಷ್ಟೇ ಅಲ್ಲ, ಆ ಪ್ರಕರಣಕ್ಕೆ ಹಂಗಾಮಿ ಮುಖ್ಯ ನ್ಯಾಯಮೂರ್ತಿಯೂ ಆದರು; ಎದ್ದುಹೋದವರ ಜಾಗಕ್ಕೆ ಡೊನಾಲ್ಡ್ ಕುಕ್‌ಮನ್ ಮತ್ತು ಫ್ರೆಡ್ ಫಾಕ್ಸ್ ಎಂಬ ಇಬ್ಬರು ಕೆಳಹಂತದ ನ್ಯಾಯಾಧೀಶರನ್ನು ಆರಿಸಿದವರೂ ಅವರೇ. ರಾಜ್ಯದ ಶೇ 67ರಷ್ಟು ಜನ ಬೆಂಜಮಿನ್ ಅವರ ನಿಷ್ಪಕ್ಷಪಾತವನ್ನು ಅನುಮಾನಿಸುತ್ತಾರೆ ಎಂಬ ಸಮೀಕ್ಷೆಯನ್ನು ಕೇಪರ್ಟನ್ ಮುಂದಿಟ್ಟರು. ಅದನ್ನು ನಂಬಲಾಗದು ಎಂದು ಬೆಂಜಮಿನ್ ತಳ್ಳಿಹಾಕಿದರು. 2008ರ ಏಪ್ರಿಲ್‌ನಲ್ಲಿ ಮತ್ತೆ ಅದೇ ಫಲಿತಾಂಶ: 3–2, ಮ್ಯಾಸಿಯ ಪರ. ಡೇವಿಸ್, ಬೆಂಜಮಿನ್, ಫಾಕ್ಸ್ ಒಂದು ಕಡೆ; ಆಲ್‌ಬ್ರೈಟ್ ಮತ್ತು ಕುಕ್‌ಮನ್ ಇನ್ನೊಂದು ಕಡೆ. ಮರುತಿಂಗಳೇ ಮೇನಾರ್ಡ್ ಅವರು ತಮ್ಮ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಸೋತರು.

ಲಂಚಕ್ಕೆ ಕಾನೂನಿದೆ, ಹಂಗಿಗೆ?

ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ ಮುಂದೆ 2009ರ ಮಾರ್ಚ್‌ನಲ್ಲಿ ವಾದ ನಡೆಯಿತು. ಕೇಪರ್ಟನ್ ಪರ ನಿಂತವರು ಬುಷ್ ಸರ್ಕಾರದಲ್ಲಿ ಸಾಲಿಸಿಟರ್ ಜನರಲ್ ಆಗಿದ್ದ ಟೆಡ್ ಓಲ್ಸನ್. ಕೇಳಬೇಕಾದ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದು ಎಂಬುದು ಹಳೆಯ ತತ್ವ. ದಂಡ ವಸೂಲಾದರಷ್ಟೇ ತನಗೆ ಸಂಭಾವನೆ ಸಿಗುವಂತಿದ್ದ ಊರ ಮೇಯರ್ ನ್ಯಾಯಾಧೀಶನಾಗಿ ಕೂರುವಂತಿಲ್ಲ ಎಂದು 1927ರಲ್ಲೇ ಈ ನ್ಯಾಯಾಲಯ ಹೇಳಿತ್ತು. ಅಲ್ಲಿ ಜೇಬಿಗೆ ಹಣ ಬೀಳುತ್ತಿತ್ತು. ಬೆಂಜಮಿನ್ ಅವರ ಜೇಬಿಗೆ ಏನೂ ಬಿದ್ದಿಲ್ಲ. ಅವರಿಗೆ ಸಿಕ್ಕಿದ್ದು ಕುರ್ಚಿ, ಅದನ್ನೂ ಕೊಟ್ಟವರು ಮತದಾರರು.

ಇಂಥ ಸಂಬಂಧಕ್ಕೆ ಕನ್ನಡದಲ್ಲಿ ಒಂದು ಸೊಗಸಾದ ಪದವಿದೆ: ಹಂಗು. ಲಂಚ ಕೊಟ್ಟವನು ಕೆಲಸ ಕೇಳುತ್ತಾನೆ, ಕೆಲಸ ಆದ ಮೇಲೆ ಲೆಕ್ಕ ಚುಕ್ತಾ. ಹಂಗಿಗೆ ಚುಕ್ತಾ ಎಂಬುದಿಲ್ಲ. ಯಾರೂ ಏನನ್ನೂ ಕೇಳಬೇಕಾಗಿಲ್ಲ. ಉಪ್ಪು ತಿಂದ ಮನೆಯ ಮುಂದೆ ಹಾಯುವಾಗ ತಲೆ ತಾನಾಗಿ ತಗ್ಗುತ್ತದೆ. ಕಾನೂನಿನ ಪುಸ್ತಕಗಳಲ್ಲಿ ಲಂಚಕ್ಕೆ ಪುಟಗಟ್ಟಲೆ ಕಲಮುಗಳಿವೆ. ಹಂಗನ್ನು ಅಳೆಯುವ ಕೋಲು ಆವರೆಗೆ ಇರಲಿಲ್ಲ.

2009ರ ಜೂನ್ 8ರಂದು ಬಂದ ತೀರ್ಪು 5–4. ನ್ಯಾಯಮೂರ್ತಿ ಆಂಟನಿ ಕೆನಡಿ ಬರೆದ ಬಹುಮತದ ಅಭಿಪ್ರಾಯ ಬೆಂಜಮಿನ್ ಅವರ ಪ್ರಾಮಾಣಿಕತೆಯನ್ನು ಪ್ರಶ್ನಿಸಲಿಲ್ಲ. ಅವರ ಮನಸ್ಸಿನೊಳಗೆ ಇಣುಕುವ ಕೆಲಸಕ್ಕೇ ಹೋಗಲಿಲ್ಲ. ಹೊರಗಿನಿಂದ ನೋಡಿದಾಗ ಪಕ್ಷಪಾತದ ಅಪಾಯ ತಾಳಲಾರದಷ್ಟು ದೊಡ್ಡದೇ ಎಂಬುದಷ್ಟೇ ಅಳತೆ. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗುವುದು ಹೇಗೆ ಸಲ್ಲದೋ, ಎದುರು ಕಕ್ಷಿಯ ಒಪ್ಪಿಗೆಯಿಲ್ಲದೆ ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನನ್ನು ಆರಿಸಿಕೊಂಡಾಗಲೂ ಅದೇ ಭಯ ಹುಟ್ಟುತ್ತದೆ ಎಂದು ಕೆನಡಿ ಬರೆದರು. ಖರ್ಚಿನ ಗಾತ್ರ, ಒಟ್ಟು ಖರ್ಚಿನಲ್ಲಿ ಅದರ ಪಾಲು, ಫಲಿತಾಂಶದ ಮೇಲೆ ಕಾಣುವ ಪರಿಣಾಮ ಇವುಗಳ ಜೊತೆಗೆ ಅವರು ಕಾಲವನ್ನೂ ತೂಗಿದರು. ಹಣ ಹರಿದದ್ದು ಜ್ಯೂರಿ ತೀರ್ಪಿನ ನಂತರ, ಮೇಲ್ಮನವಿಯ ಮೊದಲು. ಪ್ರಕರಣ ತಾನು ಗೆಲ್ಲಿಸುತ್ತಿರುವ ನ್ಯಾಯಮೂರ್ತಿಯ ಮುಂದೆಯೇ ಬರುತ್ತದೆಂದು ಆಗಲೇ ಊಹಿಸಬಹುದಿತ್ತು. ನನ್ನ ಮಟ್ಟಿಗೆ ಇಡೀ ತೀರ್ಪಿನ ಜೀವ ಈ ಕಾಲದ ಲೆಕ್ಕದಲ್ಲಿದೆ. ಹತ್ತು ವರ್ಷ ಹಿಂದೆ ಕೊಟ್ಟ ದೇಣಿಗೆ ಬೇರೆ, ಬಾಗಿಲಲ್ಲಿ ನಿಂತು ಕೊಟ್ಟ ದೇಣಿಗೆ ಬೇರೆ.

ಭಿನ್ನಮತವನ್ನೂ ಗಂಭೀರವಾಗಿ ಓದಬೇಕು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಂದರ ಕೆಳಗೊಂದರಂತೆ 40 ಪ್ರಶ್ನೆಗಳನ್ನು ಪಟ್ಟಿ ಮಾಡಿದರು. ಎಷ್ಟು ಹಣವಾದರೆ ಅತಿ? ಕೊಟ್ಟವರು ಒಬ್ಬ ವ್ಯಕ್ತಿಯಾಗಿರದೆ ಒಂದು ಸಂಘವಾಗಿದ್ದರೆ? ನ್ಯಾಯಮೂರ್ತಿ ಬೇರೆ ಪ್ರಕರಣಗಳಲ್ಲಿ ಅದೇ ಬೆಂಬಲಿಗನ ವಿರುದ್ಧ ಮತ ಹಾಕಿದ್ದರೆ? ಈ ಕೊನೆಯದು ಕಲ್ಪನೆಯ ಮಾತಲ್ಲ. ಮ್ಯಾಸಿ ಗುಂಪಿನ ವಿರುದ್ಧದ 24 ಕೋಟಿ ಡಾಲರ್‌ಗೂ ಮೀರಿದ ಇನ್ನೊಂದು ಪರಿಹಾರದ ಪ್ರಕರಣದಲ್ಲಿ ಬೆಂಜಮಿನ್ ಅವರು ಮ್ಯಾಸಿಯ ವಿರುದ್ಧವೇ ನಿಂತಿದ್ದರು. ರೋಗಕ್ಕಿಂತ ಮದ್ದೇ ಕೆಟ್ಟದ್ದೆಂಬುದು ರಾಬರ್ಟ್ಸ್ ಅವರ ಅಂಜಿಕೆ. ಸೋತ ಪ್ರತಿಯೊಬ್ಬನೂ ಇನ್ನು ಮುಂದೆ ನ್ಯಾಯಾಧೀಶನತ್ತ ಬೆರಳು ತೋರಿಸುತ್ತಾನೆ, ಅದರಿಂದಲೇ ನ್ಯಾಯಾಲಯದ ಮೇಲಿನ ನಂಬಿಕೆ ಸವೆಯುತ್ತದೆ ಎಂದರು. ಸ್ಕಾಲಿಯಾ, ಥಾಮಸ್, ಅಲಿಟೊ ಅವರೊಂದಿಗಿದ್ದರು. 40 ಪ್ರಶ್ನೆಗಳಲ್ಲಿ ಬಹಳಷ್ಟಕ್ಕೆ ಬಹುಮತ ಉತ್ತರ ಕೊಡಲಿಲ್ಲ. ಇದು ಅಪರೂಪದ, ಅತಿರೇಕದ ಸಂದರ್ಭ ಎಂದಷ್ಟೇ ಹೇಳಿತು. ಆ ಪ್ರಶ್ನೆಗಳು ನಿಜವಾದ ಪ್ರಶ್ನೆಗಳೇ. ಆದರೆ ಅವುಗಳಲ್ಲಿ ಹೆಚ್ಚಿನವು ಹುಟ್ಟುವುದು ಹಿಂದೆ ಸರಿಯಬೇಕೆಂಬ ನಿಯಮದಿಂದಲ್ಲ, ನ್ಯಾಯಮೂರ್ತಿಯ ಕುರ್ಚಿಗೆ ಹಣ ಖರ್ಚು ಮಾಡಲು ಕಕ್ಷಿದಾರನಿಗೆ ಬಿಟ್ಟಿರುವುದರಿಂದ. ಮೂಲವನ್ನು ಮುಟ್ಟದೆ ಕೊನೆಯಲ್ಲಿ ಸೋಸಲು ಹೊರಟರೆ ಜರಡಿಯ ಕಣ್ಣು ಎಷ್ಟು ದೊಡ್ಡದಿರಬೇಕೆಂಬ ಜಗಳ ಮುಗಿಯುವುದೇ ಇಲ್ಲ.

ತೀರ್ಪಿನ ಆಚೆ

ತತ್ವ ಗೆದ್ದಿತು. ಪ್ರಕರಣ ವೆಸ್ಟ್ ವರ್ಜೀನಿಯಾಕ್ಕೆ ಮರಳಿತು. ಬೆಂಜಮಿನ್ ಇಲ್ಲದ ಪೀಠ 2009ರ ನವೆಂಬರ್‌ನಲ್ಲಿ 4–1ರಿಂದ ಮತ್ತೆ ಮ್ಯಾಸಿಯ ಪರವಾಗಿಯೇ ತೀರ್ಪು ಕೊಟ್ಟಿತು, ಅದೇ ವರ್ಜೀನಿಯಾ ಷರತ್ತಿನ ಕಾರಣಕ್ಕೆ. ಹಾಗಾದರೆ ಬೆಂಜಮಿನ್ ಅವರ ಮತ ಮೊದಲಿನಿಂದಲೂ ಸರಿಯಾಗಿತ್ತಲ್ಲ ಎಂದು ಕೇಳುವವರಿದ್ದಾರೆ. ಇರಬಹುದು. ಆದರೆ ಸರಿಯಾದ ತೀರ್ಪನ್ನೂ ಸೋತವನು ನಂಬುವಂತಿರಬೇಕು. ಎರಡು ಬಾರಿ ಅನುಮಾನದ ಪೀಠದ ಮುಂದೆ ಸೋತವನಿಗೆ ಮೂರನೆಯ ಪೀಠದ ಶುದ್ಧ ತೀರ್ಪಿನ ಮೇಲೂ ಆ ಹಳೆಯ ನೆರಳು ಬೀಳದಿರದು.

ಐದು ತಿಂಗಳಿಗೆ, 2010ರ ಏಪ್ರಿಲ್ 5ರಂದು, ಮ್ಯಾಸಿಯ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ ಸ್ಫೋಟವಾಗಿ 29 ಕಾರ್ಮಿಕರು ಸತ್ತರು. ಸುರಕ್ಷತಾ ನಿಯಮಗಳನ್ನು ಮೀರುವ ಒಳಸಂಚಿಗಾಗಿ ಬ್ಲಾಂಕನ್‌ಶಿಪ್ ಅವರಿಗೆ 2016ರಲ್ಲಿ ಒಂದು ವರ್ಷದ ಜೈಲು ಶಿಕ್ಷೆಯಾಯಿತು. ಆ ಪ್ರಕರಣ ಬೇರೆ. ಆದರೂ ಗಣಿ ಕಾರ್ಮಿಕರ ಪರಿಹಾರ ದಾವೆಗಳು ಕೊನೆಗೆ ಹೋಗಿ ನಿಲ್ಲುವುದು ಆ ಐದು ಕುರ್ಚಿಗಳ ಮುಂದೆಯೇ ಎಂಬುದನ್ನು ನೆನೆದಾಗ, 2004ರ ಮಕ್ಕಳ ಜಾಹೀರಾತು ನನ್ನ ಕಣ್ಣ ಮುಂದೆ ಮತ್ತೆ ಬರುತ್ತದೆ.

ವೆಸ್ಟ್ ವರ್ಜೀನಿಯಾ ಪಾಠ ಕಲಿಯಲು ಪ್ರಯತ್ನಿಸಿತು. ಸರ್ವೋಚ್ಚ ನ್ಯಾಯಾಲಯದ ಅಭ್ಯರ್ಥಿಗಳಿಗೆ ಸರ್ಕಾರದ ಹಣದಿಂದಲೇ ಪ್ರಚಾರ ನಡೆಸುವ ಪ್ರಯೋಗವನ್ನು 2010ರಲ್ಲಿ ಶುರು ಮಾಡಿತು. 2015ರ ಕಾಯ್ದೆಯ ಪ್ರಕಾರ ನ್ಯಾಯಾಧೀಶರ ಹೆಸರಿನ ಪಕ್ಕದಿಂದ ಪಕ್ಷದ ಹೆಸರನ್ನು ತೆಗೆದುಹಾಕಿ, 2016ರಿಂದ ಮೇ ತಿಂಗಳಲ್ಲೇ ಅವರ ಚುನಾವಣೆ ಮುಗಿಸುವ ಏರ್ಪಾಡು ಮಾಡಿತು. ಆ ಮೊದಲ ಚುನಾವಣೆಯಲ್ಲಿ ಮರು ಆಯ್ಕೆ ಬಯಸಿದವರು ಬೆಂಜಮಿನ್. ಈ ಬಾರಿ ಅವರು ಆರಿಸಿಕೊಂಡದ್ದು ಸಾರ್ವಜನಿಕ ಹಣ. ಆದರೆ ಪಕ್ಷದ ಹೆಸರಿಲ್ಲದ ಆ ಕಣದಲ್ಲೂ ರಿಪಬ್ಲಿಕನ್ ಪಕ್ಷದ ರಾಷ್ಟ್ರಮಟ್ಟದ ಸಂಘಟನೆಯೊಂದು ಎದುರಾಳಿ ಬೆತ್ ವಾಕರ್ ಪರ ಲಕ್ಷಾಂತರ ಡಾಲರ್ ಸುರಿಯಿತು. ವಾಕರ್ ಗೆದ್ದರು. ಹೊರಗಿನ ಹಣದ ಅಲೆಯಲ್ಲಿ ಒಳಬಂದ ಬೆಂಜಮಿನ್, ಅಂಥದ್ದೇ ಅಲೆಯಲ್ಲಿ ಹೊರಹೋದರು.

ಬೇರೆ ಕಡೆ ದಾರಿ ಹಿಮ್ಮುಖವಾಗಿದೆ. ಪಕ್ಷದ ಹೆಸರನ್ನು ಕೈಬಿಟ್ಟಿದ್ದ ನಾರ್ತ್ ಕೆರೊಲಿನಾ 2018ರಿಂದ ತನ್ನ ಸರ್ವೋಚ್ಚ ನ್ಯಾಯಾಲಯದ ಮತಪತ್ರಕ್ಕೆ ಅದನ್ನು ಮತ್ತೆ ತಂದಿತು. ಓಹಾಯೊ 2022ರಿಂದ ಸೇರಿಸಿತು. ಟೆಕ್ಸಾಸ್, ಅಲಬಾಮಾಗಳಲ್ಲಿ ಅದು ಹೋಗಿಯೇ ಇರಲಿಲ್ಲ. 2024ರಲ್ಲಿ ನಾರ್ತ್ ಕೆರೊಲಿನಾದ ಒಂದು ಸ್ಥಾನ 734 ಮತಗಳ ಅಂತರದಲ್ಲಿ ತೀರ್ಮಾನವಾದಾಗ, ಸೋತ ಅಭ್ಯರ್ಥಿ 60 ಸಾವಿರಕ್ಕೂ ಹೆಚ್ಚು ಮತಗಳನ್ನು ಪ್ರಶ್ನಿಸಿದರು. ಆ ವ್ಯಾಜ್ಯ ಹೋದದ್ದು, ಆ ಸ್ಥಾನ ಇರುವ ಅದೇ ನ್ಯಾಯಾಲಯದ ಮುಂದೆ. ಕೊನೆಗೆ ಫೆಡರಲ್ ನ್ಯಾಯಾಧೀಶರೊಬ್ಬರು ಮಧ್ಯೆ ಬಂದು, ಚುನಾವಣೆಯಾಗಿ ಆರು ತಿಂಗಳ ಮೇಲೆ, 2025ರ ಮೇ ತಿಂಗಳಲ್ಲಿ ಆ ಅಭ್ಯರ್ಥಿ ಸೋಲೊಪ್ಪಿದರು. ಪಕ್ಷದ ಹೆಸರಿಲ್ಲದ ವಿಸ್ಕಾನ್ಸಿನ್‌ನಲ್ಲೂ 2025ರ ಒಂದೇ ಒಂದು ಸ್ಥಾನಕ್ಕೆ ಎಲ್ಲ ಕಡೆಯಿಂದ ಸೇರಿ ಖರ್ಚಾದದ್ದು 10 ಕೋಟಿ ಡಾಲರ್‌ಗೂ ಹೆಚ್ಚು. ಬ್ಲಾಂಕನ್‌ಶಿಪ್ ಅವರ 30 ಲಕ್ಷವನ್ನು ಅತಿರೇಕವೆಂದು ಕೆನಡಿ ಕರೆದು ಆಗ ಹದಿನಾರು ವರ್ಷವಾಗಿತ್ತು.

ಕೇಪರ್ಟನ್ ಅವರು 2010ರಲ್ಲಿ ವರ್ಜೀನಿಯಾದ ಬ್ಯೂಕ್ಯಾನನ್ ಕೌಂಟಿಯಲ್ಲಿ, ಗಣಿ ಇದ್ದ ನೆಲದಲ್ಲೇ, ಹೊಸದಾಗಿ ದಾವೆ ಹೂಡಿದರು. ಹಳೆಯ ತೀರ್ಮಾನ ಅಡ್ಡ ಬರುತ್ತದೆಂದು ಅಲ್ಲಿನ ನ್ಯಾಯಾಲಯ ಅದನ್ನು ವಜಾ ಮಾಡಿತು. 2013ರಲ್ಲಿ ವರ್ಜೀನಿಯಾದ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ತೆಗೆದುಹಾಕಿ ವಿಚಾರಣೆಗೆ ದಾರಿ ಬಿಟ್ಟಿತು. ಮ್ಯಾಸಿ ಕಂಪನಿ ಅಷ್ಟರಲ್ಲಿ ಇನ್ನೊಂದು ಕಂಪನಿಯ ಪಾಲಾಗಿತ್ತು. 2014ರ ಮೇ ತಿಂಗಳಲ್ಲಿ ಅಲ್ಲಿನ ಜ್ಯೂರಿ ಹಾರ್ಮನ್ ಕಡೆಗೆ ಪರಿಹಾರ ಕೊಟ್ಟಿತು. ಬೂನ್ ಕೌಂಟಿಯ ಜ್ಯೂರಿ 5 ಕೋಟಿ ಡಾಲರ್ ಕೊಟ್ಟು ಹನ್ನೆರಡು ವರ್ಷವಾಗಿತ್ತು. ಈ ಬಾರಿ ಸಿಕ್ಕಿದ್ದು ಸುಮಾರು 50 ಲಕ್ಷ.